ಐದನೆಯದಕ್ಕೊಂದು ದಿನ

ಗ್ರೀಸಿನ ಲಾವ್ರಿಯೊದಿಂದ ಕವಾಲಾಕ್ಕೆ ಹಡಗಿನಲ್ಲೇ ಹೋಗಬೇಕೆಂದು ಹಟ ಹಿಡಿದವರು ನಮ್ಮ ಮಾಸ್ಟ್ರು. ಎರಡೂ ಒಂದೇ ನೆಲದ ಮೇಲಿನ ಊರುಗಳು. ಲಾವ್ರಿಯೊ ಅಥೆನ್ಸಿನಿಂದ ಸುಮಾರು 60 ಕಿ.ಮೀ. ಆಚೆ, ಆಗ್ನೇಯ ಮೂಲೆಯಲ್ಲಿದೆ. ಕವಾಲಾ ದೇಶದ ಉತ್ತರ ತುದಿಯಲ್ಲಿ. ಅಥೆನ್ಸಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಕವಾಲಾದಲ್ಲಿರಬಹುದು. ಹಡಗಾದರೆ ಏಜಿಯನ್ ಸಮುದ್ರವನ್ನು ಓರೆಯಾಗಿ ದಾಟಿ, ಆಯಿಯೋಸ್ ಎಫ್‌ಸ್ತ್ರಾತಿಯೋಸ್ ಎಂಬ ಪುಟ್ಟ ದ್ವೀಪಕ್ಕೂ ಅದರಾಚೆಯ ಲಿಮ್ನೋಸಿಗೂ ತಾಗಿ, 14-15 ಗಂಟೆಯಾದರೂ ತೆಗೆದುಕೊಳ್ಳುತ್ತದೆ. ವಾರದಲ್ಲಿ ಕೆಲವೇ ದಿನ ಓಟ. ಸರ್ಕಾರದ ಸಹಾಯಧನದಿಂದ ಉಸಿರಾಡುವ ಮಾರ್ಗ. ಸರ್ವಿಸ್ ಪೂರ್ತಿ ಬಸ್ ಡಿಪೋದ ಟ್ರಾಫಿಕ್ ವಿಭಾಗದಲ್ಲಿ ಷೆಡ್ಯೂಲ್ ಬರೆದವನು ನಾನು. ನಷ್ಟದ ರೂಟಿನ ಜಾತಕ ನನಗೆ ಗೊತ್ತು. ವೇಳಾಪಟ್ಟಿ ತಡವಾಗಿ ಬರುತ್ತದೆ, ಬಂದದ್ದೂ ಬದಲಾಗುತ್ತದೆ.

“ಬಸ್ಸೇ ಸಾಕಲ್ಲ ಮಾಸ್ಟ್ರೇ?” ಎಂದೆ.

“ಪೌಲ ಆ ಊರಿಗೆ ಕಡಲ ಕಡೆಯಿಂದ ಬಂದವನು ರಾಯರೇ. ನನಗೂ ಹಾಗೇ ಇಳಿಯಬೇಕು.”

ಮಾಸ್ಟ್ರು ಮಿಷನ್ ಶಾಲೆಯಲ್ಲಿ ಹೆಡ್‌ಮಾಸ್ಟ್ರಾಗಿ ನಿವೃತ್ತರಾದವರು. ಇಂದಿನ ಕವಾಲಾವೇ ಬೈಬಲಿನ ನೆಯಾಪೊಲಿ. ಅಪೊಸ್ತಲ ಪೌಲ ತ್ರೋವದಲ್ಲಿ ಹಡಗು ಹತ್ತಿ, ಸಮೊಥ್ರಾಕೆ ದ್ವೀಪದ ಮೇಲಾಗಿ ಬಂದಿಳಿದದ್ದು ಅಲ್ಲಿ. ಅಲ್ಲಿಂದ ನಡೆದು ಫಿಲಿಪ್ಪಿಗೆ ಹೋದ. ಹೊಳೆಯ ದಡದಲ್ಲಿ ಅವನ ಮಾತು ಕೇಳಿ ದೀಕ್ಷಾಸ್ನಾನ ಪಡೆದ ಲುದ್ಯ ಎಂಬಾಕೆ ಕೆನ್ನೇರಳೆ ಬಟ್ಟೆಯ ವ್ಯಾಪಾರ ಮಾಡುತ್ತಿದ್ದವಳು. ನನ್ನ ಹೆಂಡತಿ ಈ ಹಡಗಿಗೆ ಒಪ್ಪಿದ ಕಾರಣ ಬೇರೆ. ಲಿಮ್ನೋಸ್ ದಾಟಿದ ಮೇಲೆ, ಆಕಾಶ ತಿಳಿಯಾಗಿದ್ದರೆ, ಎಡಕ್ಕೆ ಆಥೋಸ್ ಪರ್ವತ ಕಾಣುತ್ತದೆ. 2033 ಮೀಟರ್ ಎತ್ತರ, ಸುತ್ತಲೂ ಸನ್ಯಾಸಿಗಳ ಮಠಗಳು, ಹೆಂಗಸರಿಗೆ ಪ್ರವೇಶವಿಲ್ಲ. “ಒಳಗೆ ಬಿಡದಿದ್ದರೆ ಬೇಡ. ಕಡಲಲ್ಲಿ ನಿಂತು ನೋಡುವ ಕಣ್ಣಿಗೂ ಪರದೆ ಕಟ್ಟುತ್ತಾರಾ?” ಎನ್ನುತ್ತಾಳೆ.

ವೀಸಾ ಅರ್ಜಿಗೆ ಕೂತಾಗ ತರ್ಕ ಶುರುವಾಯಿತು. ಷೆಂಗೆನ್ ವೀಸಾಕ್ಕೆ ದಿನವಾರು ಪಟ್ಟಿ ಕೊಡಬೇಕು: ಯಾವ ತಾರೀಕು ಯಾವ ಊರು, ಯಾವ ರಾತ್ರಿ ಯಾವ ಹೋಟೆಲು, ವಾಪಸು ಬರುವ ವಿಮಾನ ಯಾವುದು. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆಯೂ ಬೇಕು. ನಾನು ಟೈಪ್ ಮಾಡುತ್ತಿದ್ದೆ. ಒಂದೊಂದು ಸಾಲಿಗೂ ಮಾಸ್ಟ್ರು ಪಕ್ಕದಿಂದ “ದೇವರ ಚಿತ್ತವಾದರೆ” ಎನ್ನುತ್ತಿದ್ದರು. ಅವರ ಪಾಲಿಗೆ ಅದು ಬಾಯುಪಚಾರವಲ್ಲ. ನಾಳೆ ಇಂಥ ಪಟ್ಟಣಕ್ಕೆ ಹೋಗುತ್ತೇವೆ, ಇಷ್ಟು ದಿನ ಇರುತ್ತೇವೆ, ಇಷ್ಟು ಲಾಭ ಮಾಡುತ್ತೇವೆ ಎಂದು ಲೆಕ್ಕ ಹಾಕುವವರನ್ನು ಯಾಕೋಬನ ಪತ್ರಿಕೆ ಗದರಿಸಿದೆಯಂತೆ. ಕೊನೆಗೆ ನನ್ನ ಹೆಂಡತಿ, “ಅದಕ್ಕೆ ಕಾಲಂ ಇಲ್ಲ ಮಾಸ್ಟ್ರೇ. ಇದ್ದಿದ್ದರೆ ಇವರು ಅದನ್ನೂ ತುಂಬಿಸಿಬಿಡುತ್ತಿದ್ದರು” ಎಂದಳು.

ನಕ್ಕೆವು ನಿಜ. ಆದರೆ ಪ್ರಶ್ನೆ ಮೇಜಿನ ಮೇಲೇ ಉಳಿಯಿತು. ಒಂದು ಪ್ರಯಾಣದಲ್ಲಿ ನಮ್ಮ ಪಾಲು ಎಷ್ಟು? ಉಳಿದದ್ದು ಯಾರ ಪಾಲು? ಹಡಗು ಹೊರಡದಿದ್ದರೆ ಅದನ್ನು ಯಾರ ಖಾತೆಗೆ ಬರೆಯಬೇಕು?

ಹಡಗು ಹೊರಡದಿರುವುದು ಏಜಿಯನ್ನಿನಲ್ಲಿ ಅಪರೂಪವೇನಲ್ಲ. ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಮೆಲ್ತೆಮಿ ಎಂಬ ಗಾಳಿ ಬೀಸುತ್ತದೆ. ಮೋಡವಿಲ್ಲ, ಮಳೆಯಿಲ್ಲ, ಆಕಾಶ ನೀಲಿ. ಕಡಲು ಮಾತ್ರ ಬೆಳ್ಳಗೆ ನೊರೆಗಟ್ಟಿರುತ್ತದೆ. ಚಳಿಗಾಲದ ಬಿರುಗಾಳಿಗಳು ಬೇರೆಯೇ. ಗಾಳಿ ಬೋಫರ್ಟ್ ಮಾನದಲ್ಲಿ 8 ಮುಟ್ಟಿತೆಂದರೆ, ಅಂದರೆ ಗಂಟೆಗೆ 62 ಕಿ.ಮೀ. ದಾಟಿತೆಂದರೆ, ದೊಡ್ಡ ಹಡಗುಗಳನ್ನೂ ಸಾಮಾನ್ಯವಾಗಿ ಬಂದರಿನಲ್ಲೇ ತಡೆಯುತ್ತಾರೆ. ವೇಗದ ದೋಣಿಗಳಿಗೆ ಅದಕ್ಕೂ ಮೊದಲೇ ತಡೆ. ಹಡಗಿನ ಬಗೆ, ಮಾರ್ಗ ನೋಡಿ ಮಿತಿ ಬದಲಾಗುತ್ತದೆ. ಈ ತಡೆಯಾಜ್ಞೆಗೆ ಅಲ್ಲಿನವರು ‘ಅಪಗೊರೆಫ್ತಿಕೊ’ ಎನ್ನುತ್ತಾರೆ. ಬಂದರಿನ ಅಧಿಕಾರಿ ಅದನ್ನು ಹೊರಡಿಸಿದ ಮೇಲೆ ಕ್ಯಾಪ್ಟನ್ನನ ಹತ್ತಿರ ಗೋಗರೆದರೂ ಆಗುವುದೇನಿಲ್ಲ.

ಇಲ್ಲೊಂದು ಸ್ವಾರಸ್ಯ ಕಂಡೆ. ಸಮುದ್ರ ಪ್ರಯಾಣಿಕರ ಹಕ್ಕುಗಳಿಗಾಗಿ ಯುರೋಪಿಯನ್ ಒಕ್ಕೂಟ ಮಾಡಿದ ನಿಯಮವೊಂದಿದೆ, ಸಂಖ್ಯೆ 1177/2010. ಹಡಗು ರದ್ದಾದರೆ ಕಂಪನಿ ಬೇರೆ ಹಡಗಿನಲ್ಲಿ ಕಳಿಸಬೇಕು, ಇಲ್ಲವೇ ಹಣ ವಾಪಸು ಕೊಡಬೇಕು. ರಾತ್ರಿ ಉಳಿಯಬೇಕಾಗಿ ಬಂದರೆ ವಸತಿಯನ್ನೂ ನೋಡಿಕೊಳ್ಳಬೇಕು. ಆದರೆ ಸುರಕ್ಷಿತವಾಗಿ ಓಡಿಸಲಾಗದಂಥ ಹವಾಮಾನದಿಂದ ರದ್ದಾಯಿತೆಂದು ಕಂಪನಿ ತೋರಿಸಿಕೊಟ್ಟರೆ ಹೋಟೆಲಿನ ಖರ್ಚು ನಮ್ಮದೇ. ದೇವರ ಸುದ್ದಿಗೇ ಹೋಗದ ಬ್ರಸೆಲ್ಸಿನ ಕಾನೂನು ಕೂಡ ಒಂದು ಗೆರೆ ಎಳೆದು, ಇದರಾಚೆಯದು ಯಾರ ತಪ್ಪೂ ಅಲ್ಲ ಎಂದು ಬಿಟ್ಟುಬಿಟ್ಟಿದೆ.

ನನ್ನ ಹೆಂಡತಿ ಗೀತೆಯ ತರಗತಿಗೆ ಹೋಗುವವಳು. ಈ ನಿಯಮ ಓದಿ ಹೇಳಿದಾಗ, “ಇದು ಹದಿನೆಂಟನೇ ಅಧ್ಯಾಯದಲ್ಲೇ ಉಂಟಲ್ಲ” ಎಂದಳು. ಯಾವ ಕೆಲಸವಾದರೂ ಆಗಲಿಕ್ಕೆ ಐದು ಕಾರಣ ಕೂಡಬೇಕು ಎಂದು ಕೃಷ್ಣ ಅಲ್ಲಿ ಎಣಿಸುತ್ತಾನೆ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಅಧಿಷ್ಠಾನವೆಂದರೆ ಈ ದೇಹ ಎನ್ನುತ್ತಾರೆ ಭಾಷ್ಯಕಾರರು. ನಮ್ಮ ಯಾತ್ರೆಯ ಮಟ್ಟಿಗೆ ಮಾಸ್ಟ್ರ ಮಂಡಿ, ನನ್ನ ಬಿ.ಪಿ. ಕರ್ತೃ ಯಾರೆಂಬುದರ ಮೇಲೆ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ದೈವವೆಂದರೇನು ಎಂಬಲ್ಲಿ ಆಚಾರ್ಯರಿಗೂ ಒಮ್ಮತವಿಲ್ಲ. ಶಂಕರರಿಗೆ ಅದು ಕಣ್ಣು ಮೊದಲಾದ ಇಂದ್ರಿಯಗಳನ್ನು ಅನುಗ್ರಹಿಸುವ ಸೂರ್ಯಾದಿ ದೇವತೆಗಳು. ರಾಮಾನುಜರಿಗೆ ಒಳಗಿದ್ದು ನಡೆಸುವ ಪರಮಾತ್ಮ.

ನನಗೆ ಹಿಡಿಸಿದ್ದು ಆ ಎಣಿಕೆಯ ಕ್ರಮ. ದೈವ ಪಟ್ಟಿಯಲ್ಲಿದೆ, ಬಿಟ್ಟುಹೋಗಿಲ್ಲ, ಆದರೆ ಮೊದಲನೆಯದಲ್ಲ. ಮೊದಲ ನಾಲ್ಕನ್ನು ನೆಟ್ಟಗೆ ಎಣಿಸದವನಿಗೆ ಐದನೆಯದರ ಹೆಸರೆತ್ತುವ ಹಕ್ಕಿಲ್ಲ ಎಂದು ನಾನು ಓದಿಕೊಂಡಿದ್ದೇನೆ. ಪಂಡಿತರು ಒಪ್ಪುತ್ತಾರೋ ಇಲ್ಲವೋ. ಡಿಪೋದಲ್ಲಿ ಕೆಲಸ ಮಾಡಿದವನು ಮಾತ್ರ ಒಪ್ಪಿಯೇ ಒಪ್ಪುತ್ತಾನೆ.

1966ರ ಡಿಸೆಂಬರ್ 8ರ ನಸುಕಿನಲ್ಲಿ ‘ಹೆರಾಕ್ಲಿಯೊನ್’ ಎಂಬ ಹಡಗು ಏಜಿಯನ್ನಿನಲ್ಲಿ ಮುಳುಗಿತು. ಕ್ರೀಟಿನಿಂದ ಅಥೆನ್ಸಿನ ಬಂದರು ಪಿರೇಯಸ್ಸಿಗೆ ಹೊರಟಿದ್ದ ಹಡಗು. ಹೊರಗೆ ಬಿರುಗಾಳಿ. ಒಳಗೆ ಕಿತ್ತಲೆ ತುಂಬಿದ್ದ ಶೀತಲ ಟ್ರಕ್ಕೊಂದು ಸಡಿಲಾಗಿ ಹಿಂದೆ ಮುಂದೆ ಹೊಯ್ದಾಡಿ, ವಾಹನ ಹತ್ತಿಸುವ ಪಕ್ಕದ ಬಾಗಿಲಿಗೆ ಗುದ್ದಿತು. ಬಾಗಿಲು ಕಿತ್ತುಕೊಂಡು ನೀರು ನುಗ್ಗಿತು. ಸತ್ತವರು ಇನ್ನೂರಕ್ಕೂ ಹೆಚ್ಚು. ಗಾಳಿ ಎಷ್ಟು ಜೋರಿದ್ದರೆ ಹಡಗು ಬಿಡಬಾರದು ಎಂದು ಗ್ರೀಸ್ ಬಿಗಿಯಾಗಿ ಯೋಚಿಸತೊಡಗಿದ್ದು ಅದರ ನಂತರ. ಮತ್ತೆ 2000ದ ಸೆಪ್ಟೆಂಬರ್ 26ರ ರಾತ್ರಿ ‘ಎಕ್ಸ್‌ಪ್ರೆಸ್ ಸಮೀನಾ’ ಪಾರೋಸ್ ದ್ವೀಪದ ಬಾಗಿಲಿನಲ್ಲೇ, ಎಲ್ಲ ನಕ್ಷೆಗಳಲ್ಲೂ ಇರುವ ಬಂಡೆಗೆ ಬಡಿದು ಮುಳುಗಿತು; ಸುಮಾರು ಎಂಬತ್ತು ಜನ ಹೋದರು. ಎರಡರಲ್ಲೂ ಗಾಳಿ ಇತ್ತು. ಆದರೆ ಕಟ್ಟದೆ ಬಿಟ್ಟ ಟ್ರಕ್ಕು, ಗಮನವಿಲ್ಲದ ಚುಕ್ಕಾಣಿ ಕೋಣೆ, ಇವು ಮೂರನೆಯ ಮತ್ತು ನಾಲ್ಕನೆಯ ಕಾರಣಗಳು. ಇಂಥದ್ದನ್ನು ದೈವೇಚ್ಛೆ ಎನ್ನುವವನು ದೇವರ ಮೇಲೆ ಸುಳ್ಳು ಮೊಕದ್ದಮೆ ಹೂಡಿದಂತೆ. ಮಾಸ್ಟ್ರೂ ಇದನ್ನು ಒಪ್ಪಿದರು, ಸ್ವಲ್ಪ ಜೋರಾಗಿಯೇ: “ಸತ್ತವರ ಮನೆಗೆ ಹೋಗಿ ದೇವರ ಚಿತ್ತ ಅನ್ನುವ ಪಾದ್ರಿಗೆ ಮೊದಲು ಬುದ್ಧಿ ಹೇಳಬೇಕು.”

ಹಾಗಾದರೆ ನಾಲ್ಕನ್ನೂ ಸರಿಯಾಗಿ ಎಣಿಸಿದವನ ಕಥೆ? ಸುಮಾರು ಎರಡು ಸಾವಿರ ವರ್ಷದ ಹಿಂದಿನ ಸ್ಟೋಯಿಕ್ ತತ್ವಜ್ಞಾನಿ ಎಪಿಕ್ಟೀಟಸ್ ಇದಕ್ಕೆ ನೇರ ಉತ್ತರ ಕೊಟ್ಟಿದ್ದಾನೆ. ಗುಲಾಮನಾಗಿ ಹುಟ್ಟಿದ, ಕುಂಟುತ್ತಿದ್ದ ಮನುಷ್ಯ. ಚಕ್ರವರ್ತಿ ಡೊಮಿಶಿಯನ್ ತತ್ವಜ್ಞಾನಿಗಳನ್ನು ರೋಮಿನಿಂದ ಓಡಿಸಿದಾಗ ಗ್ರೀಸಿನ ಪಶ್ಚಿಮ ಕರಾವಳಿಯ ನಿಕೋಪೊಲಿಸ್‌ನಲ್ಲಿ ಪಾಠಶಾಲೆ ಇಟ್ಟ. ಹಡಗುಗಳನ್ನು ದಿನಾ ನೋಡುತ್ತಿದ್ದವನ ಮಾತು ಅವನದು. ಪ್ರಯಾಣದಲ್ಲಿ ನನ್ನ ಕೈಲಿರುವುದು ಚುಕ್ಕಾಣಿಗ, ನಾವಿಕರು, ಹೊರಡುವ ದಿನ, ಹೊತ್ತು ಇವುಗಳ ಆಯ್ಕೆ. ಅಷ್ಟು ಮಾಡಿದ ಮೇಲೆ ಬಿರುಗಾಳಿ ಬಂದರೆ ಅದು ಚುಕ್ಕಾಣಿಗನ ವಿಷಯ, ನನ್ನದಲ್ಲ. ಪಡುವಣ ಗಾಳಿ ಯಾವಾಗ ಬೀಸುತ್ತದೆ ಎಂದು ದಡದಲ್ಲಿ ಕೂತು ಚಡಪಡಿಸುವವನನ್ನು ಅವನು ಗೇಲಿ ಮಾಡುತ್ತಾನೆ: ಗಾಳಿಗಳ ಉಸ್ತುವಾರಿ ನಿನಗೆ ಕೊಟ್ಟಿಲ್ಲವಲ್ಲ, ಅದು ಇಯೋಲಸ್ ದೇವತೆಯ ಇಲಾಖೆ. ಹಡಗು ಮುಳುಗುವುದಾದರೂ ಅಷ್ಟೇ; ಕಿರುಚದೆ, ದೇವರನ್ನು ದೂರದೆ ಮುಳುಗುತ್ತೇನೆ ಎನ್ನುತ್ತಾನೆ.

ಅರ್ಧ ಮಾತು ನನಗೆ ತುಂಬ ಇಷ್ಟ. ಕೊನೆಯ ಅರ್ಧ ಗಂಟಲಲ್ಲಿ ಇಳಿಯುವುದಿಲ್ಲ. ಒಬ್ಬನೇ ಹೋಗುವವನು ಹಾಗೆ ಹೇಳಬಹುದು. ಪಕ್ಕದ ಸೀಟಿನಲ್ಲಿ ಹೆಂಡತಿ ಇದ್ದಾಳೆ, ಎದುರಿಗೆ ಮಂಡಿನೋವಿನ ಮಾಸ್ಟ್ರಿದ್ದಾರೆ. ಅವರಿಬ್ಬರ ಲೈಫ್ ಜಾಕೆಟ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳುವುದು ಚುಕ್ಕಾಣಿಗನ ವಿಷಯವೇ? ಸ್ಟೋಯಿಕರ ಸಮಾಧಾನದಲ್ಲಿ ನನಗೆ ಯಾವಾಗಲೂ ಈ ಒಂಟಿತನದ ವಾಸನೆ ಬರುತ್ತದೆ. ನನ್ನ ಪಾಲು ಎಂದು ಗೆರೆ ಎಳೆಯುವಾಗ ಅವರು ಅದನ್ನು ತೀರಾ ಮೈಗೆ ಹತ್ತಿರ ಎಳೆದುಕೊಂಡರು.

ಇದಕ್ಕೆ ತದ್ವಿರುದ್ಧ ತುದಿಯಲ್ಲಿರುವವನು ಅಗಮೆಮ್ನಾನ್. ಟ್ರಾಯ್‌ಗೆ ಹೊರಟ ಅವನ ನೌಕಾಪಡೆ ಔಲಿಸ್ ಬಂದರಿನಲ್ಲಿ ಗಾಳಿಗಾಗಿ ಕಾದು ನಿಂತುಬಿಟ್ಟಿತು. ಯೋಜನೆ ನಿಲ್ಲಬಾರದು. ಅರ್ಟೆಮಿಸ್ ದೇವಿಯನ್ನು ಒಲಿಸಲು ಮಗಳು ಇಫಿಜೀನಿಯಾಳನ್ನು, ಮದುವೆ ಎಂದು ಸುಳ್ಳು ಹೇಳಿ ಕರೆಸಿ, ಬಲಿಗೆ ನಿಲ್ಲಿಸಿದ. ಯೂರಿಪಿಡೀಸ್ ಇದರ ಮೇಲೊಂದು ನಾಟಕವನ್ನೇ ಬರೆದ. ಜನ ಈ ಕಥೆಯನ್ನು ದೇವತೆಯ ಕ್ರೌರ್ಯದ ಕಥೆ ಎನ್ನುತ್ತಾರೆ. ನನಗದು ವೇಳಾಪಟ್ಟಿಯ ಕಥೆ. ಐದನೆಯ ಕಾರಣಕ್ಕೆ ಲಂಚ ಕೊಟ್ಟಾದರೂ ಹೊರಡುವ ದಿನ ಉಳಿಸಿಕೊಳ್ಳಬೇಕು ಎನ್ನುವವನಿಗೆ ಆ ಲಂಚ ಯಾವಾಗಲೂ ಮನೆಯವರ ಕಿಸೆಯಿಂದಲೇ ಹೋಗುತ್ತದೆ.

ಲಾವ್ರಿಯೊದ ಪಕ್ಕದಲ್ಲೇ ಸೂನಿಯೊನ್ ಭೂಶಿರವಿದೆ; ಮೇಲೆ ಪೊಸೈಡನ್ ದೇವಾಲಯದ ಬಿಳಿ ಕಂಬಗಳು. ಅಲ್ಲಿಗೆ ಹೋಗಿಯೇ ಹಡಗು ಹತ್ತುವುದೆಂದು ನಾನು ಪಟ್ಟಿಯಲ್ಲಿ ಸೇರಿಸಿದ್ದು ದೇವಾಲಯಕ್ಕಾಗಿ ಅಲ್ಲ, ಸಾಕ್ರಟೀಸನಿಗಾಗಿ. ಅವನಿಗೆ ಮರಣದಂಡನೆಯಾದದ್ದು ಕ್ರಿ.ಪೂ. 399ರಲ್ಲಿ. ವಿಚಾರಣೆಯ ಹಿಂದಿನ ದಿನವಷ್ಟೇ ಅಥೆನ್ಸಿನ ಪವಿತ್ರ ಹಡಗಿಗೆ ಹೂಮಾಲೆ ಹಾಕಿದ್ದರು. ಅದು ಡೆಲೋಸ್ ದ್ವೀಪಕ್ಕೆ ಹೋಗಿ ಬರುವ ತನಕ ಊರಿನಲ್ಲಿ ಯಾರನ್ನೂ ಕೊಲ್ಲುವಂತಿಲ್ಲ. ಎದುರುಗಾಳಿ ಸಿಕ್ಕಿದರೆ ಹಡಗು ಬಹಳ ತಡವಾಗುತ್ತಿತ್ತು. ಹಾಗೆ ಅವನಿಗೆ ಸಿಕ್ಕಿದ್ದು ಮೂವತ್ತು ದಿನ ಎನ್ನುತ್ತಾನೆ ಜೆನೊಫೊನ್. ಹಡಗು ಬಂತೆಂಬ ಸುದ್ದಿ ಸೂನಿಯೊನ್ನಿನಲ್ಲಿ ಇಳಿದವರಿಂದ ಸೆರೆಮನೆಗೆ ಮುಟ್ಟಿತು. ಆ ದಿನಗಳಲ್ಲಿ ಅವನು ಮಾಡಿದ್ದೇನು? ಈಸೋಪನ ಕಥೆಗಳನ್ನು ಪದ್ಯ ಮಾಡಿದ, ಅಪೊಲೊ ದೇವರಿಗೊಂದು ಸ್ತೋತ್ರ ಬರೆದ. ಗಾಳಿ ತಂದುಕೊಟ್ಟ ದಿನಗಳನ್ನು ವರವೆಂದು ಕೊಂಡಾಡಲಿಲ್ಲ, ದಂಡನೆಯ ಬಾಲವೆಂದು ಕೊರಗಲೂ ಇಲ್ಲ, ಕೆಲಸಕ್ಕೆ ಹಚ್ಚಿದ. ನಾನು ಅಪಗೊರೆಫ್ತಿಕೊ ಬಂದರೆ ಓದಲಿಕ್ಕೆ ಪುಸ್ತಕ ಕಟ್ಟಿಕೊಂಡಿದ್ದೇನೆ. ಅಷ್ಟೇ ನನ್ನ ಯೋಗ್ಯತೆ.

ಅದೇ ದಡದಿಂದ ಕಾಣುವ ಬೋಳು, ಉದ್ದನೆಯ ದ್ವೀಪ ಮಕ್ರೋನಿಸೋಸ್. 1947ರಿಂದ ಅಲ್ಲಿ ಎಡಪಂಥೀಯ ಸೈನಿಕರನ್ನೂ ರಾಜಕೀಯ ಕೈದಿಗಳನ್ನೂ ಕೂಡಿಹಾಕಿ ಹಿಂಸಿಸಿದರು. ನಮ್ಮ ಹಡಗಿನ ಮೊದಲ ನಿಲ್ದಾಣ ಆಯಿಯೋಸ್ ಎಫ್‌ಸ್ತ್ರಾತಿಯೋಸ್ ಕೂಡ ಗಡೀಪಾರಾದವರ ದ್ವೀಪವೇ. ಕವಿ ಯಾನಿಸ್ ರಿಟ್ಸೋಸ್ ಇಂಥ ದ್ವೀಪಗಳಲ್ಲಿ ವರ್ಷಗಟ್ಟಲೆ ಕಳೆದ. ಕರ್ತೃ ಯಾರು, ದೈವ ಯಾವುದು ಎಂದು ಮೇಜಿನ ಸುತ್ತ ಕೂತು ಚರ್ಚಿಸುವ ನಾವು ಇದೊಂದನ್ನು ಮರೆಯಬಾರದು: ಇದೇ ನೀರಿನ ಮೇಲೆ ದಿನ, ಹೊತ್ತು, ಊರು ಯಾವುದನ್ನೂ ಆರಿಸದೆ ಹೋದವರು ಸಾವಿರಾರು ಜನ. ಅವರ ಪಾಲಿಗೆ ಬಂದದ್ದು ದೈವವಲ್ಲ, ಮತ್ತೊಬ್ಬ ಕರ್ತೃವಿನ ಸಹಿ.

ಇಷ್ಟಾದ ಮೇಲೆ ಮಾಸ್ಟ್ರು ತಮ್ಮ ಕಪ್ಪು ರಟ್ಟಿನ ಬೈಬಲ್ ತಂದರು. ಪೌಲನ ಕಥೆಯಲ್ಲಿ ಅವರಿಗೇ ಒಂದು ತೊಡಕಿತ್ತು. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಪೌಲ ಬೇರೆಡೆಗೆ ಹೋಗಬೇಕೆಂದಿದ್ದಾಗ ಪವಿತ್ರಾತ್ಮ ಅವನನ್ನು ತಡೆದ ಎಂದಿದೆ. ಅವನೇ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ, ನಿಮ್ಮ ಬಳಿಗೆ ಬರಬೇಕೆಂದಿದ್ದೆ, ಸೈತಾನ ಅಡ್ಡಿ ಮಾಡಿದ ಎನ್ನುತ್ತಾನೆ. “ಎರಡೂ ಸಲ ಆಗಿದ್ದು ಒಂದೇ, ಹೋಗಲಿಕ್ಕೆ ಆಗಲಿಲ್ಲ. ಒಂದು ದೇವರ ಖಾತೆಗೆ, ಒಂದು ಸೈತಾನನ ಖಾತೆಗೆ. ಹೇಗೆ ಗೊತ್ತಾಯಿತು ರಾಯರೇ ಅವನಿಗೆ?” ಎಂದು ಅವರೇ ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ, ಅವರಲ್ಲೂ ಇರಲಿಲ್ಲ.

ಆಮೇಲೆ ಇನ್ನೊಂದು ಜಾಗಕ್ಕೆ ಬೆರಳಿಟ್ಟರು. ತ್ರೋವದಿಂದ ನೆಯಾಪೊಲಿಗೆ ಬರುವಾಗ ಪೌಲನ ಹಡಗಿಗೆ ಹಿಡಿದದ್ದು ಎರಡು ದಿನ. ಕೆಲವು ವರ್ಷಗಳ ಮೇಲೆ ಫಿಲಿಪ್ಪಿಯ ಕಡೆಯಿಂದ ಅದೇ ತ್ರೋವಕ್ಕೆ ವಾಪಸು ಹೋಗಲು ಐದು ದಿನ. ಅದೇ ಕಡಲು, ಅದೇ ಮನುಷ್ಯ, ಅದೇ ದೇವರು. ಎರಡು ದಿನವಾದದ್ದಕ್ಕೆ ಸ್ತುತಿಯಿಲ್ಲ, ಐದು ದಿನವಾದದ್ದಕ್ಕೆ ವಿವರಣೆಯಿಲ್ಲ. ಬರೆದವನು ಲೂಕ ಎನ್ನುವುದು ಸಂಪ್ರದಾಯ. ಅವನು ದಿನಗಳನ್ನು ಬರೆದು ಮುಂದಕ್ಕೆ ಹೋಗುತ್ತಾನೆ, ಒಳ್ಳೆಯ ಕಂಡಕ್ಟರ್ ಟ್ರಿಪ್ ಶೀಟ್ ಬರೆದ ಹಾಗೆ. ಧರ್ಮಗ್ರಂಥದಲ್ಲಿ ಇಂಥ ತಣ್ಣಗಿನ ಪ್ರಾಮಾಣಿಕತೆ ನನಗೆ ಬೇರೆಲ್ಲೂ ಇಷ್ಟು ಹಿಡಿಸಿದ್ದಿಲ್ಲ. ಗಾಳಿಯ ಹಿಂದೆ ಯಾರಿದ್ದಾರೆಂದು ನಂಬುವುದು ಬೇರೆ. ಇವತ್ತಿನ ಗಾಳಿ ನನಗೇನು ಹೇಳಲು ಬೀಸಿತು ಎಂದು ಅರ್ಥ ಹಚ್ಚುವುದು ಬೇರೆ. ಮೊದಲನೆಯದು ಭಕ್ತಿ ಇರಬಹುದು. ಎರಡನೆಯದು ಬಹಳ ಸಲ ಬರೀ ಅಹಂಕಾರ: ಏಜಿಯನ್ನಿನ ಮೇಲಿನ ಗಾಳಿಯೆಲ್ಲ ನನ್ನ ಟಿಕೆಟ್ ನೋಡಿಕೊಂಡು ಬೀಸುತ್ತದೆ ಎಂದುಕೊಳ್ಳುವ ಅಹಂಕಾರ.

ಇದೇ ಪೌಲ ಮುಂದೆ ಕೈದಿಯಾಗಿ ರೋಮಿಗೆ ಹೋಗುವಾಗ, ಕ್ರೀಟಿನ ಬಂದರಿನಲ್ಲಿ, ಕಾಲ ಮೀರಿದೆ, ಈಗ ಹೊರಡುವುದು ಬೇಡ ಎಂದ. ಶತಾಧಿಪತಿ ನಾವಿಕನ ಮಾತನ್ನೂ ಹಡಗಿನ ಯಜಮಾನನ ಮಾತನ್ನೂ ನಂಬಿದ. ಹಡಗು ಮಾಲ್ಟಾದಲ್ಲಿ ಒಡೆಯಿತು. ಅದರಲ್ಲಿದ್ದ 276 ಜನರೂ ಉಳಿದರು. ದೇವದೂತನ ಮಾತು ಆ ಅಧ್ಯಾಯದಲ್ಲಿ ಬರುತ್ತದೆ, ಆದರೆ ಆಮೇಲೆ. ಮೊದಲು ಬರುವುದು ಋತುಮಾನ ಬಲ್ಲ ಪ್ರಯಾಣಿಕನ ಎಚ್ಚರಿಕೆ. ಇದನ್ನು ಹೇಳಿದಾಗ ಮಾಸ್ಟ್ರು ಬಹಳ ಹೊತ್ತು ಸುಮ್ಮನಿದ್ದು, “ನಾಲ್ಕು ಮೊದಲು, ಐದು ಆಮೇಲೆ. ನಿಮ್ಮ ಗೀತೆಯವನೂ ಅದನ್ನೇ ಹೇಳಿದ ಹಾಗಾಯಿತು” ಎಂದರು. ಪೂರ್ತಿ ಒಂದೇ ಅಲ್ಲ ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಆಕ್ಷೇಪಿಸಿದಳು. ಪೌಲನ ದೇವರು ಕಳಿಸುವವನು, ತಡೆಯುವವನು. ಗೀತೆಯ ಐದನೆಯದು, ಶಂಕರರು ಹೇಳಿದ ಹಾಗಾದರೆ, ಕಣ್ಣಿಗೆ ಬೆಳಕಿನಂತೆ ಜತೆಗೂಡುವಂಥದ್ದು. ಹಡಗು ಹೊರಡದ ದಿನ ಮಾತ್ರವಲ್ಲ, ಸುಮ್ಮನೆ ಹೊರಟು ಸುಮ್ಮನೆ ಮುಟ್ಟಿದ ದಿನವೂ ಅದು ಇದ್ದೇ ಇರುತ್ತದೆ. ಹೊರಡದಾಗ ಮಾತ್ರ ನೆನೆಯುತ್ತೇವೆ. ಈ ವ್ಯತ್ಯಾಸ ನಮ್ಮಲ್ಲಿ ಬಗೆಹರಿದಿಲ್ಲ. ಹಡಗಿನಲ್ಲಿ 14 ಗಂಟೆ ಇದೆ.

ಪಟ್ಟಿಯನ್ನು ನಾನು ಮತ್ತೆ ಬರೆದೆ. ಡಿಪೋದಲ್ಲಿ ಎಷ್ಟೇ ಬಸ್ಸಿನ ಕೊರತೆ ಇರಲಿ, ಒಂದು ಸ್ಪೇರ್ ಬಸ್ಸು, ಒಬ್ಬ ಸ್ಪೇರ್ ಡ್ರೈವರ್ ಇಟ್ಟುಕೊಂಡೇ ಷೆಡ್ಯೂಲ್ ಹಾಕುತ್ತಿದ್ದೆವು. ಯಾವ ಗಾಡಿ ಕೆಡುತ್ತದೆ ಗೊತ್ತಿಲ್ಲ, ಒಂದು ಕೆಡುತ್ತದೆ ಎನ್ನುವುದು ಗೊತ್ತು. ಮೇಲಿನವರು ಅದನ್ನು ದಂಡ ಎನ್ನುತ್ತಿದ್ದರು. ಹಾಗೆಯೇ ಲಾವ್ರಿಯೊದಲ್ಲಿ ಹಡಗಿನ ಮುಂಚೆ ಒಂದು ಖಾಲಿ ದಿನ, ಕವಾಲಾ ಮುಟ್ಟಿದ ಮೇಲೆ ಎರಡು ದಿನ ಬಿಟ್ಟು ವಿಮಾನ. ವೀಸಾದ ಪಟ್ಟಿಯಲ್ಲಿ ಆ ಖಾಲಿ ದಿನದ ಎದುರು ‘ಲಾವ್ರಿಯೊ, ವಿಶ್ರಾಂತಿ’ ಎಂದು ಬರೆದಿದ್ದೇನೆ. ನಮ್ಮ ಮನೆಯ ಪ್ರತಿಯಲ್ಲಿ ಮಾಸ್ಟ್ರು ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ‘5’ ಎಂದು ಗುರುತು ಹಾಕಿದ್ದಾರೆ.

ಓದುಗರಲ್ಲಿ ಯಾರಾದರೂ ಈ ದಾರಿ ಹಿಡಿಯುವುದಾದರೆ: ಜುಲೈ-ಆಗಸ್ಟ್ ಬಿಡಿ, ಮೇ ಅಥವಾ ಸೆಪ್ಟೆಂಬರ್ ನೋಡಿ. ಮೇ 1ರಂದು ನಾವಿಕರ ಮುಷ್ಕರದಿಂದ ಹಡಗುಗಳು ಸಾಮಾನ್ಯವಾಗಿ ನಿಂತಿರುತ್ತವೆ. ಹಿಂದಿನ ದಿನ ಬಂದರಿನ ಕಚೇರಿಗೆ ಫೋನ್ ಮಾಡಿ ಕೇಳಿ. ಹಡಗು ಮುಟ್ಟುವ ಮರುದಿನಕ್ಕೆ ವಿಮಾನದ ಟಿಕೆಟ್ ಮಾತ್ರ ತೆಗೆಯಬೇಡಿ.